ಕುಂಬಾರವಾಡಕ್ಕೆ ಬೇಡವೆಂದ ಯಂತ್ರ

"ನಮ್ಮ ಕೂಸುಗಳನ್ನ ಬೆಚ್ಚಗಿಡೋ ಯಂತ್ರ ಬ್ಯಾಡ ಅಂತ ಬರದವ್ರು ನೀವ ಏನ್ರಿ?"

ಬಸ್ಸಿಳಿದು ಬಂದ ಸಂಜೀವಕುಮಾರ ಬ್ಯಾಗು ಕೆಳಗಿಡುವ ಮೊದಲೇ ವಿದ್ಯಾವತಿ ಕೇಳಿಬಿಟ್ಟಳು.

"ಹೌದ್ರಿ... ನಾನ."

ಕುಂಬಾರವಾಡದ ಆರೋಗ್ಯ ಕೇಂದ್ರದ ನರ್ಸ್ ಅವಳು. ಯಾವ ಆಸ್ಪತ್ರೆಗೆ ಯಾವ ಉಪಕರಣ ಕೊಂಡರೆ ನಿಜಕ್ಕೂ ಉಪಯೋಗ ಎಂದು ಅಳೆದು ಸಮಿತಿಗೆ ಹೇಳುವವನು ಅವನು. ಹೋದ ತಿಂಗಳು ಮೂರು ದಿನ ಇಲ್ಲೇ ಕೂತು ಅವಳ ರಿಜಿಸ್ಟರನ್ನು ಸಾಲು ಬಿಡದೆ ಓದಿದ್ದ. ತನ್ನ ಅಕ್ಷರವನ್ನು ಇಷ್ಟು ಅಕ್ಕರೆಯಿಂದ ಯಾರೂ ಓದಿರಲಿಲ್ಲ ಎಂದು ಅವಳ ಮನಸ್ಸು ಅರಳಿತ್ತು...

ಆ ರಿಜಿಸ್ಟರೇ ಮುಳುವಾಯಿತು! ಕರೆಂಟು ಹೋದ ಹೊತ್ತು, ಬಂದ ಹೊತ್ತು ಅದರ ಅಂಚಿನಲ್ಲಿ ಬರೆದಿಡುವುದು ಅವಳ ರೂಢಿ.

"ತಿಂಗಳದಾಗ ಹತ್ತೊಂಬತ್ತು ದಿನ ತಾಸಗಟ್ಲೆ ಕರೆಂಟ್ ಇಲ್ಲ. ನೀವ ಬರದದ್ದು. ತಂದಿದ್ರೂ ಯಂತ್ರ ಮೂಲ್ಯಾಗ ಧೂಳ ತಿಂತಿತ್ರಿ."

"ಚಳಿಗಾಲದಾಗ ಒಂದು ಕೂಸು, ಜೋಯಿಡಾದ ದೊಡ್ಡ ದವಾಖಾನಿ ಮುಟ್ಟೂದ್ರಾಗ ನನ್ನ ಕೈಯಾಗ ತಣ್ಣಗಾತು... ಅದನ್ನೂ ಬರದಿದ್ದೆ. ಓದಲಿಲ್ಲೇನು?"

"ಓದೇನಿ. ನೀವು ಎರಡನೇ ಪುಟ ಓದ್ರಿ."

ಕೇಂದ್ರಕ್ಕೆ ಬಂದಿದ್ದ ಅವನ ವರದಿಯನ್ನು ಸಿಟ್ಟಿನಲ್ಲಿ ಅವಳು ಮೊದಲ ಪುಟಕ್ಕೇ ಮಡಚಿಟ್ಟಿದ್ದಳು. ಈಗ ಬಿಡಿಸಿದಳು. ಕರೆಂಟೇ ಬೇಡ, ಬಿಸಿನೀರಲ್ಲಿ ಕಾಯಿಸಿದ ಮೇಣದ ಪಟ್ಟಿ ಒಳಗಿಟ್ಟರೆ ನಾಲ್ಕು ತಾಸು ಬೆಚ್ಚಗಿರುವ, ಕೂಸನ್ನು ಮಲಗಿಸುವ ಚೀಲ... ಕುಂಬಾರವಾಡಕ್ಕೇ ಮೊದಲು ಕೊಡಬೇಕೆಂದು ಬರೆದಿದ್ದ!

ಕೆಳಗೆ ಸಮಿತಿಯ ಒಂದೇ ಸಾಲು: ಮುಂದಿನ ವರ್ಷ ನೋಡೋಣ.

"ನಮ್ಮ ಆಯಾ ಗೋದುಬಾಯಿ ಮಗಳು ಜ್ಯೋತಿಗೆ ಮುಂದಿನ ತಿಂಗಳ ಹೆರಿಗಿ. ಹೊಟ್ಟ್ಯಾಗಿನ ಕೂಸು ಭಾಳ ಸಣ್ಣದೈತಿ. ಅದು ಮುಂದಿನ ವರ್ಷದತನಕ ಕಾಯ್ತೈತೇನ್ರಿ?"

"ಎರಡು ಸಲ ಹೋಗಿ ಬೇಡಿಕೊಂಡೆ. ಹೇಳೂದಷ್ಟ ನನ್ನ ಕೈಯಾಗೈತಿ, ಕೊಳ್ಳೂದಿಲ್ಲ." ಅವನ ಕಣ್ಣು ತುಂಬಿತು.

ಇವನೂ ನನ್ನ ಹಾಗೇ ಬರಿಗೈಯವನು... ಅವಳ ಸಿಟ್ಟಿಗೆ ಹೋಗಲು ಜಾಗವೇ ಉಳಿಯಲಿಲ್ಲ.

"ತಾಯಿ ಎದಿಗೆ ಕೂಸಿನ್ನ ಅವಚಿ ಸೀರೀಲೆ ಕಟ್ಟತೇನಿ. ನನಗ ಆಗೂದು ಅಷ್ಟ," ಎಂದಳು ಮೆಲ್ಲಗೆ. "ಇದನ್ನ ಫೋನಿನ್ಯಾಗ ಹೇಳಿದ್ರೂ ನಡೀತಿತ್ತು. ಯಾಕ ಬಂದ್ರಿ?"

"ಫೋನಿನ್ಯಾಗ ಆಗಿದ್ರ ಬೈಸಿಕೊಂಡು ಸುಮ್ಮನ ಇಟ್ಟಬಿಡಬೇಕಾಗ್ತಿತ್ತು, ವಿದ್ಯಾವತಿ."

'ಸಿಸ್ಟರ್' ಎನ್ನದೆ ಹೆಸರು ಹಿಡಿದು ಕರೆದದ್ದು ಇದೇ ಮೊದಲು!

ಹೊರಗೆ ಹಾರ್ನ್ ಕೇಳಿತು. "ಸಾಹೇಬ್ರ, ಬಸ್ ಹೊಂಟೈತಿ! ನಾಳಿತನಕ ಬ್ಯಾರೆ ಇಲ್ಲ," ಗೋದುಬಾಯಿ ಕೂಗಿದಳು. "ಇಲ್ಲೇ ಇರ್ತೀರಂದ್ರ ಚಾಕ್ಕ ಇನ್ನೊಂದು ಕಪ್ ನೀರು ಹಾಕ್ತೇನಿ!"

"ಹಾಕ್ರಿ, ಬಾಯಿ." ಅವನು ಕದಲಲಿಲ್ಲ. "ಜ್ಯೋತಿ ಹೆರಿಗೀಗೂ ಬರ್ತೇನಿ. ಆಮ್ಯಾಲೂ... ನೀವು ಹೂಂ ಅಂದ್ರ, ಜೀವಮಾನ ಪೂರಾ."

"ಬಂದು ಏನ ಮಾಡ್ತೀರಿ? ಕರೆಂಟ್ ತರಾಕ ಆಗ್ತೈತೇನು?"

"ಇಲ್ಲ. ಅದು ಹೋದ ಹೊತ್ತು ಬರೀತೇನಿ. ಕೂಸಿನ್ನ ಬಿಟ್ಟು ನೀವು ಏಳಬ್ಯಾಡ್ರಿ."

ವಿದ್ಯಾವತಿ ಕಣ್ಣೊರೆಸಿಕೊಂಡು ರಿಜಿಸ್ಟರನ್ನು ಅವನತ್ತ ಸರಿಸಿದಳು.

"ಹೂಂ... ಅಕ್ಷರ ಮಾತ್ರ ದುಂಡಗ ಇರಬೇಕ್ರಿ."