ಮೂರನೇ ಚೀಟಿ

ನನ್ನ ಪಕ್ಕೆಗೆ ಪಿಸ್ತೂಲು ಒತ್ತಿತು!

"ಆ ಹುಡುಗೀನ ಯಾಕೆ ಬಿಟ್ಟೆ?" ಮಂತ್ರಿಗಳ ಗನ್‌ಮ್ಯಾನ್ ಗುರುಗುಟ್ಟಿದ. "ಉಂಡ ಮನೆಗೆ ಎರಡು ಬಗೀತೀಯಾ?"

ಪ್ರೆಸ್‌ಮೀಟ್ ಹಾಲ್‌ನ ಹಿಂದಿನ ಬಾಗಿಲು. ಆಚೆ ಮೆಟ್ಟಿಲು. ಅವಳು ಆಗಲೇ ಕೆಳಗೆ ಓಡಿದ್ದಳು.

ನನ್ನ ಕೆಲಸ ಏನು ಗೊತ್ತಾ ಸ್ವಾಮಿ? ವರದಿಗಾರರಿಗೆ ಪ್ರಶ್ನೆಯ ಚೀಟಿ ಹಂಚುವುದು! ನಂಬರ್ ಹಾಕಿದ ಎಂಟು ಚೀಟಿ. ಅದೇ ಕ್ರಮದಲ್ಲಿ ಎಂಟು ಉತ್ತರ ಮಂತ್ರಿಗಳ ಕೈಯಲ್ಲಿ. ಅವರು ಪ್ರಶ್ನೆ ಕೇಳಿಸಿಕೊಳ್ಳುವುದೇ ಇಲ್ಲ. ಸರದಿ ಬಂದಾಗ ಓದುತ್ತಾರೆ, ಅಷ್ಟೇ.

ಇವತ್ತು ಮೂರನೇ ಚೀಟಿ ಹೊಸ ವರದಿಗಾರ್ತಿಗೆ ಹೋಯಿತು. ಅವಳು ಅದನ್ನು ಹರಿದು ಹಾಕಿದಳು.

"ಹೊಸ ಸೇತುವೆ ಭಾರದ ಪರೀಕ್ಷೆ ಪಾಸಾಗಿದೆ ಅಂದ್ರಿ. ಪರೀಕ್ಷೆನೇ ಆಗಿಲ್ಲ ಅಂತಾರೆ ಎಂಜಿನಿಯರ್. ರಿಪೋರ್ಟ್ ತೋರಿಸಿ ಸರ್!"

ಮಂತ್ರಿಗಳು ಕಾಗದ ನೋಡಿ ನಕ್ಕರು.

"ಎಲ್ಲಾ ನಮ್ಮ ತಾಯಿ ಆಶೀರ್ವಾದ. ದಿನಾ ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ಮಾಡ್ತೀನಿ."

ಅದು ಮೂರನೇ ಚೀಟಿಯ ಉತ್ತರ: ಅವರ ಆರೋಗ್ಯದ ಗುಟ್ಟು!

ಯಾರೂ ನಗಲಿಲ್ಲ... ನಲವತ್ತು ಜನ ಕೋಲೆ ಬಸವನ ಹಾಗೆ ತಲೆಯಾಡಿಸಿ ಅದನ್ನೂ ಬರೆದುಕೊಂಡರು. ಥೂ! ಅವಳು ಮತ್ತೆ ಕೇಳಿದಳು. ಮೈಕ್ ಕಟ್ಟಾಯಿತು. ಗನ್‌ಮ್ಯಾನ್ ಅವಳತ್ತ ನುಗ್ಗಿದ. ನಾನು ಅವಳನ್ನು ಹಿಂಬಾಗಿಲಿನಿಂದ ಆಚೆ ತಳ್ಳಿದೆ.

"ಬೊಗಳೋ!" ಪಿಸ್ತೂಲು ಇನ್ನಷ್ಟು ಒತ್ತಿತು.

"ನಾಳೆ ಆ ಸೇತುವೆ ಮೇಲೆ ಹೋಗೋ ಮೊದಲನೇ ಬಸ್ಸಿಗೆ ನಮ್ಮಕ್ಕ ಕಂಡಕ್ಟರ್ ಕಣೋ!"

ಅವನು ಅರೆಕ್ಷಣ ತಡವರಿಸಿದ. ಅಷ್ಟು ಸಾಕಾಯಿತು. ಕಬ್ಬಿಣದ ಬಾಗಿಲನ್ನು ಅವನ ಮಣಿಕಟ್ಟಿನ ಮೇಲೆ ಬಡಿದೆ. ಪಿಸ್ತೂಲು ಕೆಳಗೆ ಬಿತ್ತು. ಮೂರು ಮಹಡಿಯನ್ನು ಹೇಗೆ ಇಳಿದೆನೋ!

ಗೇಟಿನ ಹತ್ತಿರ ಅವಳು ಸ್ಕೂಟರ್ ಸ್ಟಾರ್ಟ್ ಮಾಡಿ ನಿಂತಿದ್ದಳು. ಕಿವಿಯಲ್ಲಿ ಫೋನ್, ಕಣ್ಣಲ್ಲಿ ನೀರು.

"ನಮ್ಮ ಎಡಿಟರ್ ಸುದ್ದಿ ಹಾಕಲ್ವಂತೆ. ಮಂತ್ರಿಗಳು ಹೇಳಿದ್ದನ್ನ ಬರೆಯೋದಷ್ಟೇ ನಮ್ಮ ಕೆಲಸ ಅಂತೆ. ನಾಳೆಯಿಂದ ಬರಬೇಡ ಅಂದ್ರು."

ಹಿಂದೆ ಬೂಟಿನ ಸದ್ದು! ನಾನು ಹಿಂದಿನ ಸೀಟಿಗೆ ಹಾರಿದೆ. ಸ್ಕೂಟರ್ ಓಡುತ್ತಿರುವಾಗಲೇ ಅಕ್ಕನಿಗೆ ಫೋನ್ ಹಚ್ಚಿದೆ.

"ಅಕ್ಕಾ, ನಾಳೆ ಡ್ಯೂಟಿಗೆ ಹೋಗ್ಬೇಡ. ಆ ಸೇತುವೆನ ಯಾರೂ ಪರೀಕ್ಷೆ ಮಾಡಿಲ್ಲ!"

"ನಿನಗೆ ತಲೆ ಕೆಟ್ಟಿದೆಯೇನೋ? ಗಟ್ಟಿ ಇದೆ ಅಂತ ಈಗಷ್ಟೇ ಟಿವೀಲಿ ಬಂತು. ಸುಳ್ಳಾಗಿದ್ರೆ ಅಷ್ಟು ಜನ ಪತ್ರಕರ್ತರಲ್ಲಿ ಒಬ್ಬರಾದ್ರೂ ಕೇಳ್ತಿರಲಿಲ್ವಾ?"

"ಅವರು ಕೇಳದ ಹಾಗೆ ನೋಡ್ಕೊಳ್ಳೋದೇ ಅಕ್ಕಾ, ಎಂಟು ವರ್ಷದಿಂದ ನನ್ನ ನೌಕರಿ!"