ಶುಕ್ರವಾರದ ಮೀಟಿಂಗ್ ಕಳವು ಪ್ರಕರಣ

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಯ ಮೆಟ್ಟಿಲು ಹತ್ತಿ ಬಂದವರು ಕ್ಯಾಲೆಂಡರ್ ಸಾಫ್ಟ್‌ವೇರ್ ತಯಾರಿಸುವ ಕಂಪನಿಯ ಮಾಲೀಕರು. ಕೂರಿ ಎನ್ನುವ ಮೊದಲೇ ಕೂತು ಮೇಜು ಗುದ್ದಿದರು.

"ಕಳ್ಳತನ ಆಗಿದೆ!"

"ಏನು ಹೋಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಮೀಟಿಂಗು."

ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ತಲೆ ಎತ್ತಿದ. "ಮಾಲಿನ ಬೆಲೆ ಎಷ್ಟು ಅಂತ ಬರೀಲಿ ಸಾರ್?"

ಇನ್‌ಸ್ಪೆಕ್ಟರ್ ನಗು ನುಂಗಿಕೊಂಡರು. ಅವರಿಗೂ ಪ್ರತಿ ಸೋಮವಾರ ಮೇಲಧಿಕಾರಿಗಳ ಮೀಟಿಂಗ್ ಇತ್ತು. ಅದನ್ನು ಯಾರಾದರೂ ಕದ್ದರೆ ಕಳ್ಳನಿಗೆ ಹಾರ ಹಾಕುವಷ್ಟು ರೋಸಿಹೋಗಿದ್ದರು.

ದೂರಿನ ಸಾರಾಂಶ ಇಷ್ಟು. ಕಂಪನಿಯವರೆಲ್ಲ ನಡೆಯುವುದು ತಾವೇ ತಯಾರಿಸಿದ ಕ್ಯಾಲೆಂಡರ್ ನೋಡಿಕೊಂಡು. ಅದರಲ್ಲಿ ಇಲ್ಲದ ಕೆಲಸ ಕೆಲಸವೇ ಅಲ್ಲ ಎಂಬುದು ಮಾಲೀಕರೇ ಮಾಡಿದ ಕಾನೂನು. ಶುಕ್ರವಾರ ಸಂಜೆ ಐದಕ್ಕೆ ವಾರದ ಮೀಟಿಂಗ್. ಮೂರು ವಾರಗಳಿಂದ ಶುಕ್ರವಾರ ಮಧ್ಯಾಹ್ನವೇ ಅದು ಎಲ್ಲರ ಕ್ಯಾಲೆಂಡರಿನಿಂದ ಮಾಯ. ಊರೂರು ಸುತ್ತಿ ಐದಕ್ಕೆ ಸರಿಯಾಗಿ ಬರುವ ಮಾಲೀಕರು ಖಾಲಿ ಕೊಠಡಿಯಲ್ಲಿ ಗೋಡೆ ನೋಡುತ್ತ ಕೂರಬೇಕಾಗಿದೆ.

"ಒಳಗಿನೋರೇ ಯಾರೋ ಮಾಡ್ತಿದಾರೆ. ಸಿಕ್ಕಿದ ದಿನ ಅವನ ಕೆಲಸ ಹೋಯ್ತು ಅಂತ ತಿಳ್ಕೊಳ್ಳಿ," ಎಂದರು.

FIR ದಾಖಲಾಯಿತು. ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಉದ್ದ ಮೇಜು ಒಂದು, ಸುತ್ತ ಕುರ್ಚಿಗಳು, ನಿನ್ನೆಯಿಂದ ಮೆತ್ತಗಾದ ಬಿಸ್ಕತ್ತು ಒಂದು ತಟ್ಟೆ. ಹೆಡ್ ಕಾನ್‌ಸ್ಟೆಬಲ್ ಎರಡನ್ನು ಬಾಯಿಗೆ ಹಾಕಿಕೊಂಡು, ಮೆತ್ತಗಾಗಿರುವುದು ನಿಜವೆಂದು ದೃಢಪಡಿಸಿದ.

ನಂತರ ಸಿಬ್ಬಂದಿಯ ವಿಚಾರಣೆ.

"ಮೀಟಿಂಗ್ ಕಾಣೆಯಾಗಿದ್ದು ಗೊತ್ತಾಯ್ತಾ?"

"ಗೊತ್ತಾಯ್ತು ಸಾರ್," ಎಂದ ಗುಮಾಸ್ತ.

"ಯಾರಿಗಾದ್ರೂ ತಿಳಿಸಿದ್ರಾ?"

"ಹೆಂಡತಿಗೆ ತಿಳಿಸ್ದೆ ಸಾರ್, ಬೇಗ ಬರ್ತೀನಿ ಅಂತ."

ಎಲ್ಲರ ಮುಖದಲ್ಲೂ ಅದೇ ತೃಪ್ತಿ. ಸಂಶಯಪಡುವುದಾದರೆ ಇಡೀ ಕಂಪನಿಯನ್ನೇ ಜೀಪಿಗೆ ತುಂಬಬೇಕಿತ್ತು.

ಕೊನೆಗೆ ಬಂದವನು ಸಾಫ್ಟ್‌ವೇರ್ ಪರೀಕ್ಷಕ, ಮಾಲೀಕರ ಅಕ್ಕನ ಮಗ. ಕೂತ್ಕೊಳ್ಳಿ ಅಂದರೆ ಪರವಾಗಿಲ್ಲ ಎಂದು ಗೋಡೆಗೆ ಅಂಟಿ ನಿಲ್ಲುವ ಆಸಾಮಿ. ಕೆಲಸವೇನು ಎಂದು ಕೇಳಿದ್ದೇ ಮುಖ ಅರಳಿತು. ಕಂಪ್ಯೂಟರಿನಲ್ಲಿ ಕಪ್ಪು ಕಿಟಕಿಯೊಂದನ್ನು ತೆರೆದ. ಅದರಲ್ಲಿ ಚಿತ್ರವಿಲ್ಲ, ಬಟನ್ನಿಲ್ಲ, ಬರೀ ಅಕ್ಷರ.

"ಇಲ್ಲಿ ಒಂದು ಸಾಲು ಟೈಪ್ ಮಾಡಿದ್ರೆ ನಾನು ಬರೆದ ಪ್ರೋಗ್ರಾಂ ಓಡುತ್ತೆ ಸಾರ್, ಕ್ಯಾಲೆಂಡರಿಗೆ ಪ್ರಶ್ನೆ ಕೇಳುತ್ತೆ. ಜನವರಿ ಮೂವತ್ತೊಂದಾದ ಒಂದು ತಿಂಗಳಿಗೆ ಯಾವ ತಾರೀಕು? ವಾರವಾರ ಬರೋ ಮೀಟಿಂಗಲ್ಲಿ ಒಂದನ್ನ ಮಾತ್ರ ತೆಗೆದ್ರೆ ಮಿಕ್ಕಿದ್ದು ಉಳಿಯುತ್ತಾ? ತಪ್ಪು ಹೇಳ್ತೋ, ಕಿವಿ ಹಿಂಡ್ತೀನಿ."

"ತೆಗೆದಿದ್ದನ್ನ ಏನ್ಮಾಡ್ತೀರಿ?"

"ಪರೀಕ್ಷೆ ಮುಗಿದ ಮೇಲೆ ಇದ್ದ ಹಾಗೇ ವಾಪಸ್ ಇಡ್ಬೇಕು ಸಾರ್. ಇಡದೇ ಹೋದ್ರೆ ಅವನು ಪರೀಕ್ಷಕನೇ ಅಲ್ಲ!"

ಇನ್‌ಸ್ಪೆಕ್ಟರ್ ಕ್ಯಾಲೆಂಡರಿನತ್ತ ಬಗ್ಗಿದರು. ನಿನ್ನೆ ಮಾಯವಾಗಿದ್ದ ಮೀಟಿಂಗ್ ಇವತ್ತು ತನ್ನ ಜಾಗದಲ್ಲೇ ಇತ್ತು. ಹಿಂದಿನ ಎರಡು ವಾರದ್ದೂ ಹಾಗೆಯೇ. ಕದ್ದ ಮಾಲನ್ನು ಮರುದಿನ ತಾನೇ ತಂದಿಟ್ಟು ಹೋಗುವ ಕಳ್ಳನನ್ನು ಅವರು ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಆದರೆ ಅನುಮಾನ ಸಾಲದು, ಪುರಾವೆ ಬೇಕು. ಕ್ಯಾಲೆಂಡರಿನ ಮೇಲೆ ಕಣ್ಣಿಡಲು ಪೊಲೀಸ್ ಕಂಪ್ಯೂಟರ್ ವಿಭಾಗಕ್ಕೆ ಹೇಳಿ ಎದ್ದರು.

ಮುಂದಿನ ಶುಕ್ರವಾರ ಮಧ್ಯಾಹ್ನ ಮೀಟಿಂಗ್ ಮತ್ತೆ ಮಾಯವಾಯಿತು. ಕಾದು ಕೂತಿದ್ದ ಕಂಪ್ಯೂಟರ್ ವಿಭಾಗದವರು ಫೋನ್ ಮಾಡಿದರು: ಅಳಿಸುವ ಸಾಲು ಟೈಪಾಗಿದ್ದು ಪರೀಕ್ಷಕನ ಮೇಜಿನಿಂದ. ಐದಕ್ಕೆ ಅವನು ಚೀಲ ಹೆಗಲಿಗೇರಿಸಿ ಓಡಿದ. ಜೀಪು ಬೆನ್ನು ಹತ್ತಿತು.

ಓಟ ನಿಂತದ್ದು ರೈಲ್ವೆ ಪ್ಲಾಟ್‌ಫಾರಮಿನ ತುದಿಯಲ್ಲಿ. ಗೂಡ್ಸ್ ರೈಲೊಂದು ಬಂದು ಸಿಗ್ನಲಿಗೆ ನಿಂತಿತು. ರೈಲು ಓಡಿಸುತ್ತಿದ್ದ ಹೆಂಗಸು ಎಂಜಿನ್ನಿನ ಕಿಟಕಿಯಿಂದ ಬಗ್ಗಿದಳು. ಅವನು ಚೀಲದಿಂದ ಫ್ಲಾಸ್ಕ್ ತೆಗೆದು ಮೇಲಕ್ಕೆ ಚಾಚಿದ.

"ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀರೇನ್ರೀ?"

"ಮಾಡ್ತಿದ್ದೀನಿ ಕಣೇ. ನಿಂಗೆ ನಿದ್ದೆ ಆಗ್ತಿದ್ಯಾ?"

ಹೆಡ್ ಕಾನ್‌ಸ್ಟೆಬಲ್ ಬೇಡಿ ತೆಗೆದ. "ಹಿಡೀಲಾ ಸಾರ್?"

"ಸಿಗ್ನಲ್ ಬೀಳ್ಲಿ, ತಡಿಯಯ್ಯ," ಎಂದ ಇನ್‌ಸ್ಪೆಕ್ಟರ್ ಬೇರೆ ಕಡೆ ಮುಖ ತಿರುಗಿಸಿ ನಿಂತರು.

ರೈಲಿನ ಕೊನೆಯ ಡಬ್ಬಿ ದಾಟಿದ ಮೇಲೆ ಬಂಧನವಾಯಿತು. ಆರೋಪಿ ಓಡಲಿಲ್ಲ, ಬೇಡಿಗೆ ಕೈಯನ್ನು ತಾನೇ ಮುಂದೆ ಚಾಚಿದ.

"ಹೆಂಡತಿಗೆ ಹೊಸ ಡ್ಯೂಟಿ ಬಂದಾಗಿಂದ ಅವಳ ಮುಖ ನೋಡೋದು ವಾರಕ್ಕೆ ಇದೊಂದೇ ಹೊತ್ತು ಸಾರ್. ನಾನೊಬ್ನೇ ಮೀಟಿಂಗ್ ತಪ್ಪಿಸ್ಕೊಂಡ್ರೆ ಗೊತ್ತಾಗ್ಬಿಡುತ್ತೆ. ಎಲ್ರೂ ತಪ್ಪಿಸ್ಕೊಂಡ್ರೆ ಗೊತ್ತಾಗಲ್ಲ ಅಂದ್ಕೊಂಡೆ."

"ನಿಮ್ಮ ಮಾವನ್ನೇ ಕೇಳಬಹುದಿತ್ತಲ್ಲಯ್ಯ?"

"ಕೆಲಸ ಕೊಟ್ಟೋರು ಸಾರ್. ಅವ್ರ ಎದುರು ನಿಂತ್ರೆ ಬಾಯೇ ಬರಲ್ಲ."

ಸುದ್ದಿ ಕೇಳಿ ಮಾಲೀಕರು ಕೆಂಡಾಮಂಡಲವಾಗಿ ಠಾಣೆಗೆ ಬಂದರು. ಅವರು ಬಾಯಿ ತೆರೆಯುವ ಮೊದಲೇ ಇನ್‌ಸ್ಪೆಕ್ಟರ್ ಆರೋಪಿಯನ್ನು ಎದುರು ನಿಲ್ಲಿಸಿದರು. "ಈಗ ಕೇಳು."

ಅವನು ಹೆಡ್ ಕಾನ್‌ಸ್ಟೆಬಲ್ ಕೊಟ್ಟ ನೀರನ್ನು ಗಟಗಟ ಕುಡಿದ.

"ಮಾವ... ಮೀಟಿಂಗ್ ಶನಿವಾರ ಬೆಳಿಗ್ಗೆ ಇಟ್ಕೋಬಹುದಾ? ಶುಕ್ರವಾರ ಸಂಜೆ ಇವಳ ರೈಲು ಬರುತ್ತೆ."

ಮಾಲೀಕರು ಅವನನ್ನೇ ದಿಟ್ಟಿಸಿದರು.

"ಅಷ್ಟೇನಾ? ಇಷ್ಟಕ್ಕೆ ನಾಲ್ಕು ವಾರ ನನ್ನನ್ನ ಗೋಡೆ ಮುಂದೆ ಕೂರಿಸಿದ್ಯೇನೋ? ರೈಲು ಬರುತ್ತೆ ಅಂತ ನಂಗ್ಯಾರು ಹೇಳ್ಬೇಕಿತ್ತು, ಕ್ಯಾಲೆಂಡರಾ?"

ಬೈಯುತ್ತಲೇ ಜಾಮೀನಿಗೆ ತಾವೇ ಸಹಿ ಹಾಕಿದರು. ಕೆಲಸದಿಂದ ತೆಗೆಯುವ ಮಾತು ಮತ್ತೆ ಬರಲಿಲ್ಲ.

ಅವರು ಹೋದ ಮೇಲೆ ಇನ್‌ಸ್ಪೆಕ್ಟರ್ ಕೇಸ್ ಡೈರಿ ಬರೆಯಲು ಕೂತರು. ಅಪರಾಧಕ್ಕೆ ಕಾರಣ ಎಂಬಲ್ಲಿ 'ಹೆಂಡತಿಯ ಮೇಲಿನ ಪ್ರೀತಿ' ಎಂದು ಬರೆದರು. ಪ್ರೀತಿ ಅವನನ್ನು ಪ್ಲಾಟ್‌ಫಾರಮಿಗೆ ಓಡಿಸಿತ್ತು, ನಿಜ. ಆದರೆ ಕಳ್ಳನನ್ನಾಗಿ ಮಾಡಿದ್ದು ಅದಲ್ಲ. ಅದನ್ನು ಹೊಡೆದುಹಾಕಿ, 'ಸಂಕೋಚ' ಎಂದು ಬರೆದು ರುಜು ಹಾಕಿದರು.