ಎಲ್ಲ ಚಳಿಯೂ ಒಂದೇ ಅಲ್ಲ

"ನನ್ನ ಮುಖ ನೋಡಿ ಉತ್ತರ ಕೊಡ್ತೀರಾ, ಇಲ್ಲಾ ಆ ಪರದೆ ನೋಡ್ಕೊಂಡೇ ಕೂತಿರ್ತೀರಾ?"

ದುನ್ಯಾ ಕೇಳಿದ ರಭಸಕ್ಕೆ ಮೂರನೇ ಮಹಡಿಯಲ್ಲಿ ಕೀಲಿಮಣೆಗಳ ಸದ್ದೇ ನಿಂತುಹೋಯಿತು.

ವುಕಾಶಿನ್ ಹೆಡ್‌ಫೋನ್ ತೆಗೆದು ತಲೆಯೆತ್ತಿದ. ಆ ಬೂದು ಕಣ್ಣುಗಳು! ಸಿಟ್ಟು ಹೊತ್ತು ಮೆಟ್ಟಿಲೇರಿ ಬಂದವಳಿಗೆ ಅರೆಕ್ಷಣ ಬಂದ ಕೆಲಸವೇ ಮರೆತುಹೋಯಿತು.

"ಏನಾಯ್ತು ದುನ್ಯಾ? ನಿನ್ನೆವರೆಗೂ 'ನೀನು' ಆಗಿದ್ದೆ, ಇವತ್ತು 'ನೀವು' ಆಗ್ಬಿಟ್ನಾ?"

"ಬೆಳಗ್ಗಿಂದ ಫೋನ್ ಮಾಡ್ತಿದ್ದೀನಿ, ಎತ್ತೋಕೇನು ರೋಗ? ದುವಾನಿಷ್ಟೆ ಬಡಾವಣೆಯ ಹದಿನಾಲ್ಕನೇ ಕಟ್ಟಡ ತಣ್ಣಗೆ ಕೊರೀತಿದೆ. ಅಲ್ಲಿರೋ ಸ್ತಾನಿಕಾ ಅಜ್ಜಿ ಕೋಟು ಹಾಕ್ಕೊಂಡೇ ಮಲಗ್ತಿದ್ದಾರೆ. ಸರಿ ಮಾಡಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ ನಾನು."

"ದೂರು ಬರೆದು ಹಾಕು. ಬಾಯಲ್ಲಿ ಹೇಳಿದ್ದು ಸಂಜೆ ಹೊತ್ತಿಗೆ ನಂಗೆ ಮರ್ತುಹೋಗುತ್ತೆ. ಬರೆದಿದ್ರೆ ಖಂಡಿತ ಓದ್ತೀನಿ."

"ಖಂಡಿತಾನಾ?"

"ನಿಂದಾದ್ರೆ ಎರಡು ಸಲ ಓದ್ತೀನಿ."

ಹಾಗೆಂದು ಅವನು ನಕ್ಕ. ಆ ನಗುವನ್ನು ನಂಬಿ ಅವಳು ಕೆಳಗಿಳಿದಳು.

ನಿಶ್ ಊರಿನ ಆ ಕಂಪನಿ ತಯಾರಿಸುತ್ತಿದ್ದದ್ದು ವಸತಿ ಕಟ್ಟಡಗಳಿಗೆ ಹೋಗುವ ಬಿಸಿನೀರಿನ ಶಾಖವನ್ನು ಏರಿಸಿ ಇಳಿಸುವ ಸಾಫ್ಟ್‌ವೇರ್. ದುನ್ಯಾ ಜನರ ಫೋನ್ ಎತ್ತಿ ದೂರು ದಾಖಲಿಸುವವಳು. ವುಕಾಶಿನ್ ಆ ದೂರು ಓದಿ ದೋಷ ಹುಡುಕುವವನು. ಕಾಫಿ ಯಂತ್ರದ ಬಳಿ ಹೂರಣ ತುಂಬಿದ ಒಂದೇ ಬುರೆಕ್ ಅನ್ನು ಇಬ್ಬರೂ ಹರಿದು ತಿನ್ನಲು ಶುರುಮಾಡಿ ಒಂದು ವರ್ಷವಾಗಿತ್ತು. ಹೇಳಬೇಕಾದ ಮಾತನ್ನು ಮಾತ್ರ ಇಬ್ಬರೂ ಹೇಳಿರಲಿಲ್ಲ.

ದುನ್ಯಾ ದೂರು ಬರೆದಳು. ಅವಳದು ಅಮ್ಮ ಕಲಿಸಿದ ಮರ್ಯಾದೆಯ ಬರವಣಿಗೆ. 'ಮಾನ್ಯರೇ, ನಿಮ್ಮ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ' ಎಂದು ಆರಂಭ, 'ಮುಂಚಿತವಾಗಿ ಧನ್ಯವಾದಗಳು' ಎಂದು ಮುಕ್ತಾಯ. ನಡುವೆ ಕಟ್ಟಡದ ವಿವರ. ಕೆಳಗೆ ಹೊಸದಾಗಿ ಬೇಕರಿ ಬಂದಾಗಿನಿಂದ ಹೀಗಾಗಿದೆ ಎಂದು ಅಜ್ಜಿ ಗೊಣಗಿದ್ದನ್ನೂ ಬಿಡದೆ ಬರೆದಳು.

ಕಳುಹಿಸಿ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು.

'ಹಳೆಯ ದೂರಿನಂತೆಯೇ ಇದೆ. ಅದಕ್ಕೆ ಜೋಡಿಸಿ ಮುಚ್ಚಲಾಗಿದೆ. — ವುಕಾಶಿನ್.'

ಜೋಡಿಸಿದ್ದ ಹಳೆಯ ದೂರು ಅವಳೇ ಹಿಂದೆ ಬರೆದ ಇನ್ಯಾವುದೋ ಬೀದಿಯದು. ಅಲ್ಲಿ ಯಾರೋ ನಲ್ಲಿ ತಿರುಗಿಸಲು ಮರೆತಿದ್ದರಷ್ಟೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

'ಓದ್ತೀನಿ ಅಂದೆಯಲ್ಲ...' ಎಂದು ಗೊಣಗಿ ದುನ್ಯಾ ಕೀಲಿಮಣೆ ಎಳೆದುಕೊಂಡಳು. ಇನ್ನೊಮ್ಮೆ ಬರೆದಳು. ಮುಚ್ಚಿತು. ಮಾತು ಬದಲಿಸಿ ಬರೆದಳು, ಉದ್ದಕ್ಕೆ ಬರೆದಳು, ಮರುದಿನ ಮತ್ತೆ ಬರೆದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು. ಪ್ರತಿ ಸಲವೂ ಅದೇ ಉತ್ತರ, ಕೆಳಗೆ ಅದೇ ಹೆಸರು.

ಅಜ್ಜಿ ದಿನವೂ ಫೋನ್ ಮಾಡುತ್ತಿದ್ದರು. "ನಿನ್ನ ಮೇಲೇನೂ ಸಿಟ್ಟಿಲ್ಲ ಮಗಳೇ. ಬೆರಳು ಸೆಟೆದು ಹೆಣಿಗೆ ಕಡ್ಡಿ ಹಿಡಿಯೋಕಾಗ್ತಿಲ್ಲ, ಅಷ್ಟೇ. ಕಾಯ್ತೀನಿ ಬಿಡು."

ಅವರು ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ದುನ್ಯಾಳಿಗೆ.

ಪಾಪ, ಅವಳಿಗೇನು ಗೊತ್ತು! ಚಳಿಗಾಲದ ದೂರುಗಳ ರಾಶಿ ಕರಗಿಸಲು ವುಕಾಶಿನ್ ಒಂದು ಪ್ರೋಗ್ರಾಮ್ ಬರೆದಿದ್ದ. ಹೊಸ ದೂರಿನ ಮಾತುಗಳು ಯಾವುದಾದರೂ ಹಳೆಯದಕ್ಕೆ ಹೋಲಿದರೆ ಅದು ಎರಡನ್ನೂ ತಾನಾಗಿ ಜೋಡಿಸಿ ಹೊಸದನ್ನು ಮುಚ್ಚಿಬಿಡುತ್ತಿತ್ತು. ಅವಸರದಲ್ಲಿ ಅದಕ್ಕೆ ಬೇರೆ ಹೆಸರು ಕೊಡದೆ ತನ್ನ ಹೆಸರಲ್ಲೇ ಓಡಲು ಬಿಟ್ಟಿದ್ದ. ಮುಚ್ಚಿದ ದೂರುಗಳು ಅವನ ಪರದೆಗೆ ಬರುತ್ತಲೇ ಇರಲಿಲ್ಲ. 'ಬರಿ ಅಂದ್ರೂ ಯಾಕೆ ಬರೀಲಿಲ್ಲ?' ಎಂದು ಅವನೂ ಮೇಲೆ ಕುಳಿತು ಕೊರಗುತ್ತಿದ್ದ.

ಕಾಫಿ ಯಂತ್ರದ ಬಳಿ ಎದುರಾದಾಗ ಅವನೇ ಬಾಯಿ ತೆರೆದ.

"ದುನ್ಯಾ, ನಾನು ಕಾಯ್ತಾನೇ ಇದ್ದೀನಿ..."

"ಕಾಯಿರಿ. ಕಾದು ಕಾದು ಅಜ್ಜಿಗೆ ಅಭ್ಯಾಸ ಆಗಿದೆ, ನಿಮಗೂ ಆಗಲಿ."

ಬುರೆಕ್ ಹಿಡಿದು ಚಾಚಿದ್ದ ಅವನ ಕೈ ಹಾಗೇ ಉಳಿಯಿತು. ಅವಳು ತಿರುಗಿಯೂ ನೋಡಲಿಲ್ಲ.

ಮನೆಯ ಹಬ್ಬಕ್ಕೆ ಎರಡು ದಿನ ಮುಂಚೆ, ರಜೆಗೆ ಹೊರಡುವ ಸಂಜೆ ದುನ್ಯಾಳ ಸಹನೆಯ ಕಟ್ಟೆ ಒಡೆಯಿತು. ಹೇಗೂ ಓದುವವನಲ್ಲ ಎಂಬ ಹಟದಲ್ಲಿ ಕೊನೆಯ ದೂರು ಬರೆದಳು. ಕೈ ಅಭ್ಯಾಸದಂತೆ ಮರ್ಯಾದೆಯಿಂದಲೇ ಶುರುಮಾಡಿತು.

'ಮಾನ್ಯರೇ, ನಿಮ್ಮ ಸಮಯ ತೆಗೆದುಕೊಳ್ಳುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನೊಳಗೂ ಚಳಿಯಿದೆ. ಒಂದು ವರ್ಷದಿಂದ ನಿನ್ನನ್ನು ಪ್ರೀತಿಸಿದೆ. ನನ್ನ ಒಂದು ಸಾಲನ್ನೂ ಓದದವನನ್ನು ಪ್ರೀತಿಸಿದೆನಲ್ಲ, ಅದೇ ನನ್ನ ದೂರು. ಮುಂಚಿತವಾಗಿ ಧನ್ಯವಾದಗಳು.'

'ಹಳೆಯ ದೂರಿನಂತೆಯೇ ಇದೆ. ಅದಕ್ಕೆ ಜೋಡಿಸಿ ಮುಚ್ಚಲಾಗಿದೆ. — ವುಕಾಶಿನ್.'

ಪರದೆ ನೋಡುತ್ತಾ ಅವಳು ನಕ್ಕಳು. ಬಸ್ಸಿನಲ್ಲಿ ಕಿಟಕಿಗೆ ಮುಖ ಒತ್ತಿ ಅತ್ತಳು.

ಮಿತ್ರೊವ್ದಾನ್ ಅವಳ ಮನೆತನದ ಸಂತನ ದಿನ. ಎತ್ತರದ ಮೇಣದಬತ್ತಿ ಉರಿಯುತ್ತಿತ್ತು, ಅಡುಗೆಮನೆಯಿಂದ ಎಲೆಕೋಸಿನ ಎಲೆಯಲ್ಲಿ ಸುತ್ತಿ ಬೇಯಿಸಿದ ಸರ್ಮಾ ಘಮಘಮಿಸುತ್ತಿತ್ತು. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ನೆನಪಿಟ್ಟುಕೊಂಡು ಬಂದವರನ್ನು, ಹಗೆಯೇ ಆಗಿರಲಿ, ಬಾಗಿಲಿಂದ ಹಿಂದೆ ಕಳಿಸುವಂತಿಲ್ಲ.

ಮಧ್ಯಾಹ್ನ ಕರೆಗಂಟೆ ಮೊಳಗಿತು. ದುನ್ಯಾ ಬಾಗಿಲು ತೆರೆದಳು.

ವುಕಾಶಿನ್! ಕೋಟಿನ ತುಂಬಾ ಮಸಿ, ಚಳಿಗೆ ಕೆಂಪಾದ ಮೂಗು, ಕಂಕುಳಲ್ಲಿ ಬಿಸಿ ಬ್ರೆಡ್ಡು.

"ಇವತ್ತು ಬಂದವರನ್ನ ಓಡಿಸೋ ಹಾಗಿಲ್ಲ ಅಂತ ತಿಳ್ಕೊಂಡೇ ಬಂದಿದ್ದೀರಿ," ಅಂದಳು ಅವಳು.

"ಹೌದು. ಬೇರೆ ದಿನ ಬಂದಿದ್ರೆ ನೀನು ಬಾಗಿಲು ನನ್ನ ಮುಖಕ್ಕೇ ಬಡೀತಿದ್ದೆ."

ಅವನು ನಿಂತಲ್ಲೇ ಎಲ್ಲವನ್ನೂ ಹೇಳಿದ. ನಿನ್ನೆ ಅವಳ ಫೋನಿಗೆ ಕೂರಲು ಯಾರೂ ಇರದೆ ತಾನೇ ಕೂತಿದ್ದು. ಸ್ತಾನಿಕಾ ಅಜ್ಜಿ "ಆ ಹುಡುಗಿ ಬರೆದೂ ಬರೆದೂ ಸಾಕಾದ್ಲು, ನಿಮ್ಮಲ್ಲಿ ಓದು ಬಲ್ಲೋರು ಒಬ್ಬರೂ ಇಲ್ವಾ?" ಎಂದು ಝಾಡಿಸಿದ್ದು. ಮುಚ್ಚಿದ ದೂರುಗಳನ್ನು ಹುಡುಕಿ ತೆಗೆದದ್ದು.

"ನಿನ್ನ ಕ್ಷಮೆ, ಧನ್ಯವಾದ ಎಲ್ಲಾ ದೂರಲ್ಲೂ ಒಂದೇ ಅಲ್ವಾ? ನನ್ನ ಹೆಸರಲ್ಲಿ ಓಡ್ತಿದ್ದ ಪ್ರೋಗ್ರಾಮ್ ಅದನ್ನೇ ನೋಡಿ ಎಲ್ಲಾ ಒಂದೇ ಅಂತ ಮುಚ್ಚಿತು."

"ಅಂದ್ರೆ ಬೆಳ್ಳಗಿರೋದೆಲ್ಲಾ ಹಾಲು ಅನ್ನೋ ಪೆದ್ದು ಯಂತ್ರ ಮಾಡಿ, ಅದರ ಕೊರಳಿಗೆ ನಿನ್ನ ಹೆಸರು ಕಟ್ಟಿದ್ದೆ."

'ನೀವು' ಹೋಗಿ 'ನೀನು' ಬಂದದ್ದು ಅವನ ಕಿವಿಗೆ ಬಿತ್ತು.

"ತಪ್ಪು ನಂದೇ ದುನ್ಯಾ. ಇನ್ಮೇಲೆ ಅದು ಹೋಲೋದನ್ನ ಜೋಡಿಸಿ ತೋರಿಸುತ್ತೆ, ಅಷ್ಟೇ. ಮುಚ್ಚೋದು ಓದಿದ ಮನುಷ್ಯನೇ."

"ಅಜ್ಜಿ?"

"ಈಗ ಅಲ್ಲಿಂದಲೇ ಬಂದೆ. ಹೊರಗಿನ ಚಳಿ ಅಳೆಯೋ ಸಾಧನದ ಪಕ್ಕಕ್ಕೇ ಬೇಕರಿಯವರು ಒಲೆಯ ಹೊಗೆಕೊಳವೆ ತಂದಿಟ್ಟಿದ್ದಾರೆ. ಹೊರಗೆ ಬೇಸಿಗೆ ಅಂದ್ಕೊಂಡು ನಮ್ಮ ಸಾಫ್ಟ್‌ವೇರು ಶಾಖ ಇಳಿಸ್ತಿತ್ತು. ನೀನು ಮೊದಲ ದಿನವೇ ಬರೆದಿದ್ದೆ. ಸಾಧನಾನ ದೂರಕ್ಕೆ ಸರಿಸಿದೆ, ಅಜ್ಜಿ ಕೋಟು ಬಿಚ್ಚಿಟ್ರು."

ದುನ್ಯಾ ಕಣ್ಣೊರೆಸಿಕೊಂಡಳು. ಆಮೇಲೆ ಥಟ್ಟನೆ ಅವಳ ಮುಖ ಕೆಂಪೇರಿತು.

"ಎಲ್ಲಾನೂ... ಓದಿದ್ಯಾ?"

"ಎರಡೆರಡು ಸಲ."

"ಕೊನೇದನ್ನೂ?"

"ಅದನ್ನ ಬೇರೆ ಯಾರೂ ನೋಡದ ಹಾಗೆ ಮಾಡಿದ್ದೀನಿ." ಅವನ ದನಿ ತಗ್ಗಿತು. "ಆದ್ರೆ ಅದರ ವಿಷಯದಲ್ಲಿ ಯಂತ್ರ ಹೇಳಿದ್ದು ಸರಿ ಇತ್ತು. ಅಂಥದ್ದೇ ಹಳೇದು ಒಂದಿದೆ."

"ಯಾರದು?"

"ನಂದು. ಕಳೆದ ವರ್ಷದ್ದು. ಬರೆಯೋ ಧೈರ್ಯ ಬಂದಿರಲಿಲ್ಲ."

ದುನ್ಯಾಳ ಇಷ್ಟು ದಿನದ ಸಿಟ್ಟೆಲ್ಲ ಎಲ್ಲಿ ಹೋಯಿತೋ!

"ಬಾಗಿಲಲ್ಲಿ ಯಾರನ್ನೇ ನಿಲ್ಲಿಸ್ಕೊಂಡಿದ್ದೀಯ? ಒಳಗೆ ಕರ್ಕೊಂಡು ಬಾ," ಒಳಗಿನಿಂದ ಅಮ್ಮ ಕೂಗಿದಳು.

ಬಂದವರಿಗೆ ಮೊದಲು ಕೊಡುವ ಸಿಹಿ ಗೋಧಿಯ ಬಟ್ಟಲನ್ನು ದುನ್ಯಾ ಅವನೆದುರು ಹಿಡಿದಳು. ಅವನು ಒಂದು ಚಮಚ ಬಾಯಿಗಿಟ್ಟುಕೊಂಡ.

"ವುಕಾಶಿನ್..."

"ಹೂಂ?"

"ಇವತ್ತಿಗೆ ಯಾರನ್ನೂ ಕರೆಯೋ ಪದ್ಧತಿ ಇಲ್ಲ, ನೀನಾಗೇ ಬಂದೆ. ನಾಳೆ ಹಬ್ಬ ಇಲ್ಲ. ನಾಳೆಗೆ ನಾನು ಕರೀತಿದ್ದೀನಿ. ಬರ್ತೀಯಾ?"

"ನಾಡಿದ್ದಿಗೂ ಈಗಲೇ ಕರೆದುಬಿಡು," ಅಂದ ಅವನು.